ಆನೆಯ ಕಾಲಿಗೆ ಬೆಸುಗೆ

ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನಾನು. ಆದರೆ ತವರ-ಸೀಸದ ಬೆಸುಗೆಯಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಬೇಕು! ರೇಡಿಯೋ ತಂತಿಯಿರಲಿ, ತೂತುಬಿದ್ದ ತಗಡಿನ ಬಕೆಟ್ಟಿರಲಿ, ನನ್ನ ಕೈ ತಾಗಿದರೆ ಗಟ್ಟಿ. ಹಾಗಾಗಿ ಅಂದು ಆನೆಯ ಕಾಲು ಮುರಿದಾಗ, ಅಮ್ಮ ಅಕ್ಕನ ಮನೆಯಿಂದ ಬರುವುದರೊಳಗೆ ನಾನೇ ಅಂಟಿಸುತ್ತೇನೆಂದು ಘೋಷಿಸಿದೆ.

ಆನೆ ಅಪ್ಪ ಮಾಡಿದ್ದು. ರೇಡಿಯೋ ರಿಪೇರಿ ಅಂಗಡಿಯ ಮೇಜಿನ ಮೇಲೆ ಉದುರಿದ ಬೆಸುಗೆಯ ಹನಿಗಳನ್ನು ವರ್ಷಗಟ್ಟಲೆ ಕೂಡಿಟ್ಟು, ಕರಗಿಸಿ, ಮಣ್ಣಿನ ಅಚ್ಚಿಗೆ ಸುರಿದು ಅಮ್ಮನಿಗೆ ಕೊಟ್ಟಿದ್ದರು. ಅಪ್ಪ ಹೋದಮೇಲೂ ಅಮ್ಮ ದಿನಾ ಬೆಳಿಗ್ಗೆ ಅದನ್ನು ಒರೆಸಿ ಮೇಜಿನ ಮೇಲೆ ಇಡುತ್ತಿದ್ದಳು. ಪೇಪರ್ ತಡವಾಯಿತೆಂದು ನಾನು ಆ ಮೇಜನ್ನು ಗುದ್ದಿದ್ದೇ ತಪ್ಪಾಯಿತು.

ಸಾಲ್ಡರಿಂಗ್ ಐರನ್ ಕಾದು ರಾಳದ ಹೊಗೆ ಎದ್ದಿತು. ಆ ವಾಸನೆಗೆ ನಾನು ಎಂಟು ವರ್ಷದವನಾಗಿಬಿಟ್ಟೆ. ಅಪ್ಪನ ತೊಡೆಯ ಮೇಲೆ ಕೂತಿದ್ದೇನೆ. "ತವರ, ಸೀಸ ಬೇರೆ ಬೇರೆ ಇದ್ದಾಗ ಹಟಮಾರಿಗಳು ಮಗಾ. ಕೂಡಿದರೆ ಬೇಗ ಕರಗ್ತಾವೆ" ಎನ್ನುತ್ತಿದ್ದಾರೆ.

ಆನೆ ಮಾತ್ರ ಆ ಪುಟ್ಟ ಐರನ್ನಿಗೆ ಸೊಪ್ಪು ಹಾಕಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಹಳೇ ತಗಡಿನ ಮೇಲೆ ನಿಲ್ಲಿಸಿ, ಹಿತ್ತಲಲ್ಲಿ ಸ್ಟೌ ಹಚ್ಚಿ ಆನೆಯನ್ನೇ ಬಿಸಿಗಿಟ್ಟೆ.

"ರೀ, ಹಚ್ಚೋದೂ ಬೆಸುಗೆ, ಆನೆನೂ ಬೆಸುಗೆ. ಒಂದು ಕರಗಿದರೆ ಇನ್ನೊಂದು ಸುಮ್ಮನಿರುತ್ತಾ?" ಎಂದಳು ಹೆಂಡತಿ.

"ರಿಪೇರಿಯವನ ಮಗನಿಗೆ ಪಾಠ ಹೇಳ್ತೀಯಾ?" ಎಂದು ಗದರಿದೆ.

ಗದರಿ ತಿರುಗುವಷ್ಟರಲ್ಲಿ ಸೊಂಡಿಲು ಬಾಗಿ ನನಗೇ ನಮಸ್ಕಾರ ಮಾಡಿತು. ಆಮೇಲೆ ಕಿವಿ. ಆಮೇಲೆ ಗಜರಾಜರು ಪೂರ್ತಿ ಕುಸಿದು ತಟ್ಟೆಯಾಕಾರಕ್ಕೆ ಇಳಿದರು. ಸ್ಟೌ ಆರಿಸಿದೆ, ಆದರೆ ಅಪ್ಪನ ಕೈಗುರುತು ಒಂದೂ ಉಳಿದಿರಲಿಲ್ಲ. ಹೆಂಡತಿ ಇಕ್ಕಳ ತಂದು ನನ್ನ ಕೈಗಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಂಜೆ ಬಂದ ಅಮ್ಮನ ಕೈಗೆ ಆ ಮುದ್ದೆಯನ್ನಿಟ್ಟು ತಲೆ ತಗ್ಗಿಸಿ ನಿಂತೆ. ಅಮ್ಮ ತಿರುಗಿಸಿ ತಿರುಗಿಸಿ ನೋಡಿದಳು.

"ನೀನೂ ಒಲೆ ಮೇಲೆ ಇಟ್ಟೆಯಾ? ಇದು ಮೊದಲು ಕುದುರೆ ಆಗಿತ್ತು ಕಣೋ. ಮುರಿದ ಬಾಲ ಅಂಟಿಸೋಕೆ ಹೋಗಿ ನಿಮ್ಮಪ್ಪನೇ ಕರಗಿಸಿಬಿಟ್ಟರು. ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೇ ದಿನ ಆನೆ ತಂದರು."

ಅಮ್ಮ ಮುದ್ದೆಯನ್ನು ಒರೆಸಿ, ಅದೇ ಮೇಜಿನ ಮೇಲೆ, ಅದೇ ಜಾಗದಲ್ಲಿಟ್ಟಳು.

"ಈಗ ಆಮೆ ಆಯ್ತು. ಇರಲಿ ಬಿಡು, ಇದಕ್ಕೆ ಮುರಿಯೋಕೆ ಕಾಲೇ ಇಲ್ಲ. ನಾಳೆಯಿಂದ ಪೇಪರ್ ಎಷ್ಟು ತಡವಾದರೂ ಮೇಜು ಗುದ್ದಬಹುದು."

ಮೇಜು ಗುದ್ದಿದ ಸಂಗತಿಯನ್ನು ನಾನಿನ್ನೂ ಹೇಳಿಯೇ ಇರಲಿಲ್ಲ!