ನಾಲ್ವರಲ್ಲಿ ಸರಿಯಾದ ಗಂಡನನ್ನು ಗುರುತಿಸಿ

ನಮ್ಮ ಮನೆಯವರು ಹೊಸ ಯಂತ್ರ ಕಟ್ಟಿದ್ದೇನೆ ಎಂದರೆ ನಾನು ಮೊದಲು ಗ್ಯಾಸ್ ಬಂದ್ ಮಾಡುತ್ತೇನೆ, ಆಮೇಲೆ ಯಾವ ಯಂತ್ರ ಎಂದು ಕೇಳುತ್ತೇನೆ. ಅಂದೂ ಹಾಗೇ ಮಾಡಿದೆ. ಒಲೆಯ ಮೇಲೆ ಹಾಗಲಕಾಯಿ ಪಲ್ಯವಿತ್ತು. ಮದುವೆಯಾದಾಗಿನಿಂದ ಅವರು ಬೇಡುತ್ತ ಬಂದ ಪಲ್ಯ; ನಾನು ಆ ಕಾಯನ್ನು ಮನೆಯೊಳಗೇ ಬಿಟ್ಟುಕೊಂಡಿರಲಿಲ್ಲ. ಈಚೆಗೆ ಒಂದು ವಾರದಿಂದ ಯಾಕೋ ನನ್ನ ಬಾಯಿಗೇ ರುಚಿಸತೊಡಗಿತ್ತು. ವಯಸ್ಸಾದ ಮೇಲೆ ನಾಲಿಗೆಯೂ ಬದಲಾಗುತ್ತದೆ ಎಂದುಕೊಂಡು ಕೈ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದೆ.

ಅವರ ಹೆಸರು ಚನಮಲ್ಲಪ್ಪ ಅಂಗಡಿ. ನಮ್ಮ ಧಾರವಾಡದಲ್ಲಿ ನೌಕರಿ ಪರೀಕ್ಷೆಗೆ ಓದುವ ಹುಡುಗರಿಗೆ ತರಬೇತಿ ಕೊಡುವ ಕ್ಲಾಸುಗಳು ಗಲ್ಲಿಗೊಂದಿವೆ. ಅಂಥದೊಂದು ಕ್ಲಾಸಿಗೆ ಇವರು ಬಹುಆಯ್ಕೆ ಪ್ರಶ್ನೆಗಳನ್ನು ಬರೆದುಕೊಡುತ್ತಾರೆ. ಪ್ರಶ್ನೆ ಒಂದು, ಎ ಬಿ ಸಿ ಡಿ ಎಂದು ಉತ್ತರ ನಾಲ್ಕು, ಅದರಲ್ಲಿ ಮೂರು ತಪ್ಪು. ಆ ಮೂರು ತಪ್ಪುಗಳಿಗಾಗಿ ಇವರು ಪಡುವ ಪಾಡು ದೇವರಿಗೇ ಪ್ರೀತಿ. ಕೈಯಲ್ಲಿ ರೊಟ್ಟಿಯ ತುತ್ತು ಹಿಡಿದುಕೊಂಡೇ ಸೂರು ನೋಡುತ್ತ ಕೂತುಬಿಡುತ್ತಾರೆ.

“ಸರಿ ಉತ್ತರ ಯಾರ್ ಬೇಕಾದ್ರೂ ಬರೀತಾರ, ನೀಲಾ. ತಪ್ಪು ಉತ್ತರ ಬರಿಯೂದ್ರಾಗ ಐತಿ ನೋಡು ವಿದ್ಯಾ. ಹುಡುಗ ಎಲ್ಲಿ ಎಡವತಾನೋ, ಕಲ್ಲು ಅಲ್ಲೇ ಇಡಬೇಕು.”

ಆ ಕಲ್ಲು ಇಡುವ ಯಂತ್ರವೇ ಈಗ ನನ್ನ ಮುಂದೆ ನಿಂತಿತ್ತು. ನಮ್ಮ ಹಳೆಯ ವಾಷಿಂಗ್ ಮಷೀನು, ಅದರ ನೆತ್ತಿಗೆ ಸ್ಕೂಟರಿನ ಹೆಡ್‌ಲೈಟು, ಪಕ್ಕದಲ್ಲಿ ಒಂದು ಅಲಾರಂ ಗಡಿಯಾರ. ಒಂದು ವೈರಿನ ತುದಿಗೆ ಕೆಂಪು ಪೆನ್ನು. ಇನ್ನೊಂದು ವೈರಿನ ತುದಿಗೆ, ಹೆಲ್ಮೆಟ್ಟಿನ ಬೆಲ್ಟು ಹೊಲಿದಿದ್ದ ಹಿಟ್ಟಿನ ಜರಡಿ.

“ಅದು ನನ್ನ ಸಾಣಿಗಿ,” ಎಂದೆ.

“ಈಗದು ಸಾಣಿಗಿ ಅಲ್ಲ. ಪರೀಕ್ಷಾ ಬರಿಯೂವರ ತಲೀ ಓದೂ ಕಿರೀಟ. ಹಾಕ್ಕೊ.”

“ನಾ ಒಲ್ಲೆ. ಹೋದ ಸಲ ರೊಟ್ಟಿ ಬಡಿಯೂ ಯಂತ್ರ ನನ್ನ ಬಡೀತು.”

“ಅದು ಬ್ಯಾರೆ ಯಂತ್ರ. ಇದರ ಹೆಸರು ಚತುರ್ಮುಖ. ಯಾವ ವಸ್ತುವಿನ ಮ್ಯಾಲೆ ಬೆಳಕು ಬೀಳ್ತದೋ ಅದಕ್ಕ ಮೂರು ತಪ್ಪು ವಸ್ತು ಹುಟ್ಟತಾವ. ಕಿರೀಟ ಹಾಕ್ಕೊಂಡವರಿಗೆ ಎಂಥಾದ್ದು ಬೇಕನಸ್ತದೋ ಅಂಥಾವ.”

ಹೇಳುತ್ತಲೇ ನನ್ನ ತಲೆಗೆ ಜರಡಿ ಹಾಕಿ ಬೆಲ್ಟು ಬಿಗಿದುಬಿಟ್ಟರು. ಟೀಪಾಯಿಯ ಮೇಲೆ ಒಂದು ಪೇಢಾ ಇತ್ತು. ಹೆಡ್‌ಲೈಟು ಹತ್ತಿತು. ಪೇಢಾ ನಾಲ್ಕಾಯಿತು!

ಎಡಗಡೆಯದಕ್ಕೆ ಸಕ್ಕರೆ ದಪ್ಪಗೆ ಮೆತ್ತಿತ್ತು, ನನಗೆ ಬೇಕಾದ ಹಾಗೆ. ಖರೇದ್ದಕ್ಕ ಟಿಕ್ ಹಾಕು ಎಂದು ಅವರು ಕೊಟ್ಟ ಕೆಂಪು ಪೆನ್ನಿನಿಂದ ಅದಕ್ಕೇ ಟಿಕ್ ಹಾಕಿದೆ. ಉಳಿದ ಮೂರೂ ಆರಿಹೋದವು. ಬಾಯಿಗಿಟ್ಟರೆ ಸುಣ್ಣದ ರುಚಿ.

“ಖರೇ ಪೇಢಾ ಎಲ್ಲಿ ಹೋತು?”

“ಹೋತು.”

“ಅಂದ್ರ ಎಲ್ಲಿಗೆ?”

“ಹೋತು ಅಂದ್ರ ಹೋತು. ತಪ್ಪಿಗೆ ಟಿಕ್ ಹಾಕಿದ್ರ ಖರೇದ್ದು ಉಳಿಯೂದಿಲ್ಲ. ಗಂಟಿ ಹೊಡಿಯೂದ್ರೊಳಗ ಹಾಕಲಿಲ್ಲಂದ್ರ ನಾಲ್ಕೂ ಹೋಗ್ತಾವ. ಪರೀಕ್ಷಾ ಅಂದ್ರ ಶಿಸ್ತು ಬೇಕಲ್ಲ.”

ಜರಡಿ ತೆಗೆಯಲು ಹೋದರೆ ಬೆಲ್ಟಿನ ಕ್ಲಿಪ್ಪು ಸಿಕ್ಕಿಕೊಂಡಿದೆ. ಹೆಲ್ಮೆಟ್ಟಿನಲ್ಲಿದ್ದಾಗಲೂ ಅದು ಹಾಗೇ ಸಿಕ್ಕಿಕೊಳ್ಳುತ್ತಿತ್ತು. ರಿಪೇರಿ ಮಾಡಿಸಿರೆಂದು ಬಾಯಿ ನೋಯುವಷ್ಟು ಹೇಳಿದ್ದೆ. ನಾನು ಎಳೆದಾಡುತ್ತಿದ್ದಾಗ ವೈರು ಜಗ್ಗಿ ಯಂತ್ರ ತಿರುಗಿತು. ಬೆಳಕು ಮುಂಬಾಗಿಲ ಮೇಲೆ ಬಿತ್ತು.

ಗೋಡೆಯಲ್ಲಿ ಸಾಲಾಗಿ ನಾಲ್ಕು ಬಾಗಿಲು ನಿಂತವು. ಒಂದಕ್ಕೆ ನಾನು ಬಹಳ ದಿನದಿಂದ ಆಸೆಪಟ್ಟಿದ್ದ ಹಿತ್ತಾಳೆಯ ಹಿಡಿಕೆ. ತಡೆಯಲಾರದೆ ಅದನ್ನು ತುಸುವೇ ತೆರೆದೆ. ಆಚೆ ಓಣಿಯಿರಲಿಲ್ಲ, ನೆಲವಿರಲಿಲ್ಲ. ತಣ್ಣನೆಯ ಕತ್ತಲು, ಕೆಳಗೂ ಕತ್ತಲು. ಎಲ್ಲೋ ಆಳದಿಂದ ಪೇಢಾದ ವಾಸನೆ ಬಂತು. ಹೋದದ್ದೆಲ್ಲ ಎಲ್ಲಿಗೆ ಹೋಗುತ್ತದೆಂದು ಆಗ ತಿಳಿಯಿತು. ದಡಕ್ಕನೆ ಬಾಗಿಲು ಹಾಕಿಬಿಟ್ಟೆ. ಕೊಡೆ ನೇತುಹಾಕಲು ನಾನೇ ಹೊಡೆದಿದ್ದ ಸೊಟ್ಟ ಮೊಳೆ ಒಂದು ಬಾಗಿಲಲ್ಲಿ ಕಂಡದ್ದೇ, ಏನೂ ಯೋಚಿಸದೆ ಅದಕ್ಕೆ ಟಿಕ್ ಹಾಕಿದೆ. ಉಳಿದವು ಅಳಿಸಿಹೋದವು.

“ಸರಿ ಉತ್ತರ!” ಎಂದು ಅವರು ಕುಣಿದರು.

“ಸರಿ ಉತ್ತರ ಇರಲಿ, ಮೊದಲ ಇದನ್ನ ಬಂದ್ ಮಾಡ್ರಿ. ನನಗ ಹೆದರಿಕಿ ಆಗಾಕತ್ತೈತಿ.”

“ಮಾಡ್ತೀನಿ ತಡಿ, ಲೈಟಿಗೆ ಧೂಳು ಕುಂತೈತಿ,” ಎಂದು ಯಂತ್ರದ ಎದುರು ಹೋಗಿ ಅಂಗಿಯ ತೋಳಿನಿಂದ ಹೆಡ್‌ಲೈಟು ಒರೆಸಿದರು. ಬೆಳಕು ಅವರ ಮುಖಕ್ಕೇ ಹೊಡೆಯಿತು.

ಪಡಸಾಲೆಯಲ್ಲಿ ನಾಲ್ಕು ಜನ ನಮ್ಮ ಮನೆಯವರು ನಿಂತಿದ್ದರು. ಗಡಿಯಾರ ಟಿಕಟಿಕ ಎನ್ನತೊಡಗಿತು.

“ನೀಲಾ, ನೀ ಕೂಡು, ಇವತ್ತು ನಾ ಚಾ ಮಾಡ್ತೀನಿ,” ಎಂದರು ಒಬ್ಬರು. “ನಡಿ, ನಿನ್ನ ತವರುಮನಿಗೆ ಹೋಗಿಬರೂಣು,” ಎಂದರು ಇನ್ನೊಬ್ಬರು. ಮೂರನೆಯವರು ನಾನು ಹೇಳುವುದನ್ನು ಕೇಳಿಸಿಕೊಳ್ಳಲು ಕೈಕಟ್ಟಿ ಕಾಯುತ್ತಿದ್ದರು. ನಾಲ್ಕನೆಯವರ ಅಂಗಿಗೆ ಶಾಯಿಯ ಕಲೆ. “ನನ್ನ ಚಷ್ಮಾ ಎಲ್ಲಿ ಇಟ್ಟಿ?” ಎಂದು ಗುರುಗುಟ್ಟಿದರು.

ಇದೇನು ಕಷ್ಟವಲ್ಲ ಎಂದುಕೊಂಡು ಪೆನ್ನು ಎತ್ತಿದೆ. ಎತ್ತಿದ್ದೇ ತಡ, ನಾಲ್ವರ ಅಂಗಿಗೂ ಶಾಯಿ ಹತ್ತಿತು. “ನನ್ನ ಚಷ್ಮಾ ಎಲ್ಲಿ ಇಟ್ಟಿ?” ಎಂದು ನಾಲ್ವರೂ ಗುರುಗುಟ್ಟಿದರು. ಗಾಬರಿಯಲ್ಲಿ ಅವರೊಳಗೆ ಜಾಗವೂ ಅದಲುಬದಲಾಯಿತು. ಎಡಗಿವಿಯ ಹಿಂದಿನ ಮಚ್ಚೆ ನೆನಪಾಯಿತು. ನಾಲ್ಕು ಎಡಗಿವಿಗಳ ಹಿಂದೆಯೂ ಮಚ್ಚೆ ಮೂಡಿತು. ನನಗೆ ಹೊಳೆದ ಗುರುತನ್ನೆಲ್ಲ ಜರಡಿ ಹೀರಿಕೊಂಡು ತಪ್ಪು ಉತ್ತರಗಳಿಗೆ ಹಚ್ಚುತ್ತಿತ್ತು.

ಇಷ್ಟು ವರ್ಷ ಜಗಳವಾಡಿಕೊಂಡು ಬಾಳಿದ ಮನುಷ್ಯ. ನನ್ನದೊಂದು ಟಿಕ್ಕು ತಪ್ಪಿದರೆ ಆ ಕತ್ತಲಿಗೆ ಬೀಳುತ್ತಾರೆ, ಸುಮ್ಮನಿದ್ದರೂ ಬೀಳುತ್ತಾರೆ. ಅವರಿಲ್ಲದ ಮನೆಯಲ್ಲಿ ನಾನು ಯಾರನ್ನು ಬೈಯಲಿ? ಕಣ್ಣು ಮಂಜಾಗಿ ನಾಲ್ವರೂ ಎಂಟು ಜನರಾಗಿ ಕಂಡರು.

ನನಗೆ ಗೊತ್ತಿರುವ ಯಾವ ಗುರುತೂ ಇಲ್ಲಿ ನಡೆಯುವುದಿಲ್ಲ. ನನಗೆ ಗೊತ್ತಿಲ್ಲದ್ದು ಅವರ ಬಾಯಿಂದಲೇ ಬರಬೇಕು.

“ನಿಮ್ಮೊಳಗ ಖರೇ ಯಾರ್ರಿ?” ಎಂದು ಕೂಗಿದೆ.

“ನಾನ ಖರೇ, ನೀಲಾ! ನನ್ನ ಕೈ ಬಿಡಬ್ಯಾಡ!” ಎಂದು ಮೂವರು ಕೈಚಾಚಿದರು. ಅವರು ಹಾಗೇ ಅನ್ನಲಿ ಎಂದೇ ನನ್ನ ಮನಸ್ಸು ಬಯಸಿತ್ತು.

ಗೋಡೆಯ ಕಡೆ ನಿಂತ ಒಬ್ಬರು ಮಾತ್ರ ಹುಬ್ಬು ಗಂಟಿಕ್ಕಿದ್ದರು. “ಪ್ರಶ್ನೀನ ತಪ್ಪೈತಿ. ನಾಲ್ಕೂ ಆಯ್ಕಿ ಒಂದ ಥರಾ ಇದ್ರ ಅದು ಪ್ರಶ್ನಿ ಏನು? ನನ್ನ ಆಕ್ಷೇಪಣಾ ಐತಿ. ಪ್ರಶ್ನೀ ರದ್ದು ಮಾಡಿ ನಾಲ್ಕೂ ಮಂದಿಗೆ ಕೃಪಾಂಕ ಕೊಡಬೇಕು.”

ತಪ್ಪು ಪ್ರಶ್ನೆಗೆ ಎಲ್ಲರಿಗೂ ಬಿಟ್ಟಿ ಕೊಡುವ ಅಂಕವೇ ಕೃಪಾಂಕ. ಜೀವ ಹೋಗುವ ಹೊತ್ತಿನಲ್ಲಿ ಅದನ್ನು ಕೇಳುವವರು ಜಗತ್ತಿನಲ್ಲಿ ಒಬ್ಬರೇ. ಅವರನ್ನು ನಮ್ಮಪ್ಪ ನನಗಾಗಿ ಹುಡುಕಿ ತಂದಿದ್ದ. ಇಂಥ ಮಾತು ನನ್ನ ತಲೆಯಲ್ಲಿ ಹುಟ್ಟಲು ಸಾಧ್ಯವೇ ಇರಲಿಲ್ಲ. ಓಡಿಹೋಗಿ ಅವರ ಎದೆಗೆ ಟಿಕ್ ಹಾಕಿದೆ. ಗಂಟೆ ಹೊಡೆಯಿತು. ಮೂವರು ಆರಿಹೋದರು, ಯಂತ್ರ ದಟ್ಟ ಹೊಗೆ ಬಿಟ್ಟು ಸುಟ್ಟು ಕರಕಲಾಯಿತು. ನನ್ನ ತಲೆಯ ಮೇಲಿನ ಕ್ಲಿಪ್ಪು ಆಗ ತಾನಾಗಿ ಬಿಚ್ಚಿಕೊಂಡಿತು.

ನಾನು ಅವರ ಅಂಗಿ ಹಿಡಿದುಕೊಂಡು ಅತ್ತುಬಿಟ್ಟೆ.

“ಅಳ್ತೀ ಯಾಕ?” ಎಂದರು ಅವರು, ಸುಟ್ಟ ವೈರನ್ನೇ ನೋಡುತ್ತ. “ಮೊದಲ್ನೇ ಸಲ ನಾ ಮಾಡಿದಾಗ ಅತ್ತಿದ್ನೇನು?”

ನನ್ನ ಅಳು ನಿಂತಿತು. “ಯಾವ ಮೊದಲ್ನೇ ಸಲ?”

ಅವರು ಚಷ್ಮಾ ಹುಡುಕತೊಡಗಿದರು. ನಾನು ಬಿಡಲಿಲ್ಲ.

“ಹೋದ ವಾರ ಮಧ್ಯಾಹ್ನ ನೀ ಮಲಗಿದ್ದಿ,” ಎಂದರು ಕೊನೆಗೆ. “ಸಾಣಿಗಿ ನನ್ನ ತಲೀ ಮ್ಯಾಲಿತ್ತು. ಲೈಟು ಸ್ವಲ್ಪ ನಿನ್ನ ಕಡೆ ಜಾರಿತು.”

“ಅಂದ್ರ, ನಾಲ್ಕು ಮಂದಿ ನಾನು?”

“ಸಾಲಾಗಿ ಮಲಗಿದ್ರು. ಗೊರಕೀನೂ ಒಂದ ಥರಾ.”

“ಹ್ಯಾಂಗ್ ಗುರುತು ಹಿಡಿದ್ರಿ?”

“ಸಿ ಹಾಕಿದೆ.”

“ಸಿ ಯಾಕ?”

“ಉತ್ತರ ಗೊತ್ತಾಗಲಿಲ್ಲಂದ್ರ ಸಿ ಹಾಕಿ ಬಿಡ್ರಿ ಅಂತ ಹುಡುಗರಿಗೆ ನಾನ ಹೇಳ್ತೀನಲ್ಲ,” ಎಂದರು. ಚಷ್ಮಾ ಅವರ ನೆತ್ತಿಯ ಮೇಲೇ ಇತ್ತು.

ಇಬ್ಬರೂ ಊಟಕ್ಕೆ ಕೂತೆವು. ಯಂತ್ರ ಸುಟ್ಟುಹೋಗಿತ್ತು, ಆ ಸಿ ಸರಿಯೋ ತಪ್ಪೋ ಎಂದು ಹೇಳುವ ಕೀ ಉತ್ತರ ಇನ್ನು ಪ್ರಕಟವಾಗುವಂತಿರಲಿಲ್ಲ. “ಪಲ್ಯಾ ಭಾಳ ಛಲೋ ಆಗೇತಿ,” ಎಂದರು ಅವರು, ನನ್ನ ಮುಖ ನೋಡದೆ. ನಾನು ತಾಟಿಗೆ ಇನ್ನೊಂದು ಸೌಟು ಹಾಗಲಕಾಯಿ ಬಡಿಸಿಕೊಂಡು, ಹೆದರುತ್ತ ಹೆದರುತ್ತ ಒಂದು ತುತ್ತು ಬಾಯಿಗಿಟ್ಟೆ.

ರುಚಿಯಾಗಿಯೇ ಇತ್ತು.