ಇತಿಹಾಸದ ಟೀಚರ್ ಮೆಡಿಕಲ್ ಸೀಟಿಗೆ ಹೊರಟದ್ದು

ಕೆಲವರ ಮನೆಯಲ್ಲಿ ಸದಾ ಮದುವೆ ಮುಂಜಿ ನಡೆಯುತ್ತಿರುತ್ತವೆ, ನನ್ನ ಬದುಕಿನಲ್ಲಿ ಫಜೀತಿಗಳು ನಡೆಯುತ್ತಿರುತ್ತವೆ. ನಾನಾಗಿ ಅವುಗಳನ್ನು ಕರೆಯುವುದಿಲ್ಲ. ಕರೆಯದೆಯೇ ಬಂದು ಎಲೆ ಹಾಕಿಸಿಕೊಂಡು ಕೂತುಬಿಡುತ್ತವೆ. ತುಮಕೂರಿನ ಪಿಯು ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿಕೊಂಡಿದ್ದವಳು ಗಂಡನ ಕೆಲಸದ ಬೆನ್ನು ಹಿಡಿದು ಮಲೇಷ್ಯಾಕ್ಕೆ ಬಂದೆ. ಬಂದವಳು ಪುಚೊಂಗಿನ ಫ್ಲ್ಯಾಟಿನಲ್ಲಿ ಬಟ್ಟೆ ಒಣಗಿಸಿಕೊಂಡು ಸುಮ್ಮನಿದ್ದಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ. ನಲವತ್ತು ಹತ್ತಿರ ಬರುತ್ತಿದ್ದ ಹಾಗೆ ನನಗೆ ಡಾಕ್ಟರಾಗಬೇಕು ಅನ್ನಿಸಿತು. ಓದುವ ಕನ್ನಡಕದ ಹಾಗೆ ಇದೂ ವಯಸ್ಸಿಗೆ ಬರುವಂಥದ್ದು, ತಾನಾಗಿ ಹೋಗುತ್ತದೆ ಎಂದು ಮನೆಯವರು ಸುಮ್ಮನಿದ್ದರು.

ಡಾಕ್ಟರರ ಸಲಹೆ

ಎಲ್ಲ ಶುರುವಾದದ್ದು ನಮ್ಮ ಅತ್ತೆಯ ಕಾಲಿನ ಹುಣ್ಣಿನಿಂದ. ಅವರಿಗೆ ಸಕ್ಕರೆ ಕಾಯಿಲೆ. ವಾರ ವಾರ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಇತಿಹಾಸ ಓದಿದವರಿಗೆ ಒಂದು ಚಟ ಇರುತ್ತದೆ. ಯಾವುದನ್ನೇ ಹೇಳಿದರೂ ಇದು ಶುರುವಾದದ್ದು ಯಾವಾಗ, ಇದಕ್ಕೆ ಮೊದಲು ಏನಿತ್ತು, ಹಾಗೆ ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು ಎಂದು ಕೇಳದೆ ಬಿಡುವುದಿಲ್ಲ. ಡಾಕ್ಟರು ಒಂದು ಮಾತ್ರೆ ಬರೆದರೆ ನಾನು ಆ ಮಾತ್ರೆಯ ಪೂರ್ವಾಪರ ಕೇಳುತ್ತಿದ್ದೆ. ಹೊರಗೆ ಕಾಯುತ್ತಿದ್ದವರು ಬಾಗಿಲಿನಿಂದ ಇಣುಕಿ ನೋಡುತ್ತಿದ್ದರು.

ಒಂದು ದಿನ ಆ ತಮಿಳು ಡಾಕ್ಟರು ಪೆನ್ನು ಕೆಳಗಿಟ್ಟು, ಇಷ್ಟೆಲ್ಲ ಕೇಳುವ ಬದಲು ನೀವೇ ಮೆಡಿಕಲ್ ಓದಬಹುದಲ್ಲ ಲಾ, ಎಂದು ಇಲ್ಲಿಯವರು ಪ್ರತಿ ಮಾತಿನ ಬಾಲಕ್ಕೂ ಅಂಟಿಸುವ ಲಾ ಸೇರಿಸಿ ಅಂದರು. ಅವರು ಅಂದದ್ದು ನಮ್ಮನ್ನು ಕುರ್ಚಿಯಿಂದ ಎಬ್ಬಿಸುವುದಕ್ಕೆ. ನಾನು ಅದನ್ನು ಸಲಹೆ ಎಂದೇ ತೆಗೆದುಕೊಂಡೆ. ನಿಜ ಹೇಳಬೇಕೆಂದರೆ, ಆ ಹುಣ್ಣು ಒಣಗುತ್ತಾ ಬಂದಾಗ ನನಗಾದ ಸಂತೋಷ ಯಾವ ರಾಜನ ದಂಡಯಾತ್ರೆ ಪಾಠ ಮಾಡಿದಾಗಲೂ ಆಗಿರಲಿಲ್ಲ.

ಪಿಯುಸಿಯಲ್ಲಿ ಆರ್ಟ್ಸ್ ಓದಿದವಳಾದ್ದರಿಂದ ನಾನು ಮೊದಲು ನಿಲಾಯ್‌ನ ಒಂದು ಯೂನಿವರ್ಸಿಟಿಯಲ್ಲಿ ವರ್ಷದ ಫೌಂಡೇಶನ್ ಕೋರ್ಸು ಮಾಡಬೇಕಿತ್ತು. ಅದರಲ್ಲಿ ಒಳ್ಳೆಯ ಅಂಕ ಬರಬೇಕು, ಆಮೇಲೆ ಸಂದರ್ಶನದಲ್ಲಿ ಪಾಸಾಗಬೇಕು, ಆಗ ಮಾತ್ರ ಐದು ವರ್ಷದ ಮೆಡಿಕಲ್ ಸೀಟು. ಎರಡರಲ್ಲಿ ಒಂದು ಕೈಕೊಟ್ಟರೂ ಮುಗಿಯಿತು. ನನ್ನ ವಯಸ್ಸಿಗೆ ಮುಂದಿನ ವರ್ಷ ನೋಡೋಣ ಅನ್ನುವ ಮಾತು ಹೊಂದುವುದಿಲ್ಲ.

ಕೋರ್ಸಿಗೆ ಸೇರಿದ ಮೇಲೆ ಅದೇ ಡಾಕ್ಟರಿಗೆ ಮೈಸೂರುಪಾಕು ಕೊಟ್ಟು ವಿಷಯ ಹೇಳಿದೆ. ಅವರು ಬಹಳ ಸಂತೋಷಪಟ್ಟು, ಹಾಗಾದರೆ ಮುಂದಿನ ವಾರದಿಂದ ಅತ್ತೆಯವರನ್ನು ಒಬ್ಬರನ್ನೇ ಒಳಗೆ ಕಳಿಸಿ, ನಿಮಗೆ ಓದುವುದಿರುತ್ತದೆ, ಅಂದರು.

ಮೊದಲ ದಿನ

ಕ್ಲಾಸಿನಲ್ಲಿದ್ದವರೆಲ್ಲ ಹದಿನೇಳು ಹದಿನೆಂಟರ ಮಕ್ಕಳು. ನಾನು ಕಾಟನ್ ಸೀರೆ ಉಟ್ಟು, ಹೆಗಲಿಗೆ ಬ್ಯಾಗು ಹಾಕಿಕೊಂಡು ಒಳಗೆ ಕಾಲಿಟ್ಟೆ. ಎಲ್ಲರೂ ಎದ್ದು ನಿಂತು ಗುಡ್ ಮಾರ್ನಿಂಗ್ ಅಂದರು. ಇಷ್ಟು ವರ್ಷದ ಅಭ್ಯಾಸ, ಎಲ್ಲಿ ಹೋಗುತ್ತದೆ? ಕೂತ್ಕೊಳ್ಳಿ ಎಂದು ಕೈ ಆಡಿಸಿ, ನೇರವಾಗಿ ಬೋರ್ಡಿನ ಹತ್ತಿರ ಹೋಗಿ ಒರೆಸತೊಡಗಿದೆ. ಅರ್ಧ ಒರೆಸಿದ ಮೇಲೆ ನಾನು ಇಲ್ಲಿಗೆ ಬಂದದ್ದು ಯಾತಕ್ಕೆ ಎಂಬುದು ನೆನಪಾಯಿತು. ಆದರೆ ಅರ್ಧ ಒರೆಸಿದ ಬೋರ್ಡನ್ನು ಹಾಗೇ ಬಿಡಲು ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಒಬ್ಬ ಚೀನೀ ಹುಡುಗ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದ. ನನ್ನ ಬಾಯಿ ನನ್ನನ್ನು ಕೇಳದೆ, ಮೊದಲ ದಿನವೇ ಲೇಟಾ, ಎಂದು ಇಂಗ್ಲಿಷಿನಲ್ಲಿ ಗದರಿತು. ಅವನು ಸಾರಿ ಮೇಡಂ ಎಂದು ತಲೆ ತಗ್ಗಿಸಿ ಹೋಗಿ ಕೊನೆಯ ಸಾಲಿನಲ್ಲಿ ಕೂತ. ನಾನು ಬೋರ್ಡು ಮುಗಿಸಿ ಮುಂದಿನ ಸಾಲಿನಲ್ಲಿ ಕೂತೆ. ತುಂಬಾ ಹೊತ್ತು ಯಾರೂ ಬರಲಿಲ್ಲ. ಕೊನೆಗೆ ಆ ಹುಡುಗ ಎದ್ದು ಬಂದು, ಮೇಡಂ, ನೀವು ಪಾಠ ಶುರು ಮಾಡುವುದಿಲ್ಲವಾದರೆ ನಾನು ಮಾಡಲೇ, ಎಂದು ಕೇಳಿದ. ಅವನೇ ನಮ್ಮ ಕೆಮಿಸ್ಟ್ರಿ ಲೆಕ್ಚರರ್, ಅವನಿಗೂ ಅದು ಮೊದಲ ದಿನ.

ಮೂತ್ರಪಿಂಡದ ಏಳುಬೀಳು

ಬಯಾಲಜಿ ಕಲಿಸುತ್ತಿದ್ದವರು ಉಡುಪಿ ಕಡೆಯ ಒಬ್ಬ ಮೇಷ್ಟ್ರು. ಕನ್ನಡದವಳು ಸಿಕ್ಕಿದಳೆಂದು ಮೊದಮೊದಲು ಅವರಿಗೆ ಖುಷಿಯಾಗಿತ್ತು. ಮೊದಲ ಟೆಸ್ಟಿನಲ್ಲಿ ಮೂತ್ರಪಿಂಡದ ಬಗ್ಗೆ ಒಂದು ಪ್ರಶ್ನೆ ಕೊಟ್ಟಿದ್ದರು. ನಾನು ಪೀಠಿಕೆ ಹಾಕಿ, ಹಿನ್ನೆಲೆ ವಿವರಿಸಿ, ತಕ್ಷಣದ ಕಾರಣ ಮತ್ತು ದೂರದ ಕಾರಣಗಳನ್ನು ಬೇರೆ ಬೇರೆ ಮಾಡಿ, ಪರಿಣಾಮಗಳನ್ನು ಹೇಳಿ, ಉಪಸಂಹಾರ ಮಾಡಿದ್ದೆ. ಹೆಚ್ಚುವರಿ ಹಾಳೆ ಕೇಳಿ ತೆಗೆದುಕೊಂಡವಳು ಕ್ಲಾಸಿನಲ್ಲಿ ನಾನೊಬ್ಬಳೇ. ಹೆಮ್ಮೆಯಿಂದಲೇ ಹೊರಗೆ ಬಂದಿದ್ದೆ.

ಮೇಷ್ಟ್ರು ಪೇಪರು ಹಿಡಿದು ನನ್ನನ್ನು ಕರೆದರು. "ಎಂತ ಮಾರಾಯ್ರೆ ಇದು? ನಾನು ಕೇಳಿದ್ದು ಒಂದು ಚಿತ್ರ. ನೀವು ಮೂತ್ರಪಿಂಡದ ಏಳುಬೀಳು ಬರ್ದು ಕೊಟ್ಟಿದ್ದೀರಿ."

ಮುಂದಿನ ಟೆಸ್ಟಿಗೆ ಹಟ ಹಿಡಿದು ಚಿತ್ರ ಕಲಿತೆ. ನನಗೆ ಬರುತ್ತಿದ್ದ ಚಿತ್ರವೆಂದರೆ ಭೂಪಟ. ಸಾಮ್ರಾಜ್ಯಗಳ ಗಡಿ ಎಳೆದು ಪಳಗಿದ ಕೈ. ಹೃದಯವನ್ನು ಅಚ್ಚುಕಟ್ಟಾಗಿ ಬರೆದು, ರಕ್ತನಾಳಗಳಿಗೆ ನದಿಯ ಹಾಗೆ ಬಣ್ಣ ತುಂಬಿ, ಮೂಲೆಯಲ್ಲಿ ಚೌಕ ಹಾಕಿ ಯಾವ ಬಣ್ಣ ಯಾವುದಕ್ಕೆ ಎಂದು ಬರೆದೆ. ಕೈ ಅಲ್ಲಿಗೂ ನಿಲ್ಲಲಿಲ್ಲ. ಮೇಲೆ ಒಂದು ಬಾಣ ಎಳೆದು ಉತ್ತರ ದಿಕ್ಕು ಎಂದು ಗುರುತಿಸಿತು. ಮೇಷ್ಟ್ರು ಪೂರ್ತಿ ಅಂಕ ಕೊಟ್ಟು ಪಕ್ಕದಲ್ಲಿ ಒಂದು ಸಾಲು ಬರೆದಿದ್ದರು. ಇನ್ನು ಮೇಲೆ ಯಾವ ಸರ್ಜನ್ನೂ ದಾರಿ ತಪ್ಪುವುದಿಲ್ಲ.

ಯಾರ ಪ್ರಕಾರ?

ಫಿಸಿಕ್ಸಿಗೆ ಮನೆಯಲ್ಲೇ ಟ್ಯೂಷನ್. ಗುರುಗಳು ನನ್ನ ಮಗಳು. ಇಲ್ಲೇ ಬೆಳೆದವಳು, ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ನಾಲ್ಕು ಉತ್ತರಗಳಲ್ಲಿ ಸರಿಯಾದ ಒಂದನ್ನು ಆರಿಸುವ ಪ್ರಶ್ನೆಗಳಲ್ಲಿ ನಾನು ಸೋಲುತ್ತಿದ್ದೆ. ನನಗೆ ನಾಲ್ಕರಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಕಾಣುತ್ತಿತ್ತು, ಸರಿ ಅಂದರೆ ಯಾರ ಪ್ರಕಾರ ಸರಿ? ಬೆಟ್ಟದ ಮೇಲಿಂದ ಬೀಳುವ ಕಲ್ಲಿನ ಲೆಕ್ಕವೊಂದರಲ್ಲಿ, ಕಲ್ಲು ಬೀಳಿಸಿದವರು ಯಾರು ಎಂಬುದನ್ನು ಯಾಕೆ ಮುಚ್ಚಿಟ್ಟಿದ್ದಾರೆ ಎಂದು ಕೇಳಿದೆ. ಮಗಳು ಪೆನ್ಸಿಲು ಕೆಳಗಿಟ್ಟಳು. "ಅಮ್ಮಾ, ಇಟ್ಸ್ ಅ ಸ್ಟೋನ್ ಲಾ. ಇಟ್ ಹ್ಯಾಸ್ ನೋ ಎನಿಮೀಸ್."

ಮುಂಗಡ ಬುಕಿಂಗು

ನಮ್ಮ ಕನ್ನಡದ ಬಳಗದಲ್ಲಿ ಸುದ್ದಿ ಹರಡಲು ವಾಟ್ಸಾಪೂ ಬೇಕಿಲ್ಲ, ಒಂದು ಸತ್ಯನಾರಾಯಣ ಪೂಜೆ ಸಾಕು. ನಮ್ಮ ಫ್ಲ್ಯಾಟಿನ ಕಟ್ಟಡದಲ್ಲೇ ಪೂಜೆಯಿಟ್ಟುಕೊಂಡಿದ್ದವರ ಮನೆಯಲ್ಲಿ ಪ್ರಸಾದ ತೆಗೆದುಕೊಂಡು ಕೂತಿದ್ದೆ. ಒಬ್ಬ ಆಂಟಿ ಪಕ್ಕಕ್ಕೆ ಬಂದು ಕೂತು, ಸೀರೆ ಸ್ವಲ್ಪ ಮೇಲೆತ್ತಿ ಮಂಡಿ ತೋರಿಸಿದರು. ಆಂಟಿ, ನನಗೆ ಇನ್ನೂ ಸೀಟೇ ಸಿಕ್ಕಿಲ್ಲ, ಅಂದೆ.

"ಅದಕ್ಕೇ ಕಣಮ್ಮ ಈಗ ಬಂದಿದ್ದು. ಸೀಟ್ ಸಿಕ್ಕಿದ್ಮೇಲೆ ನೀನು ಕೈಗೆ ಸಿಗ್ತೀಯಾ?"

ನಮ್ಮ ಪಾಠ ಮೂತ್ರಪಿಂಡ, ಹೃದಯ ಮುಗಿಸಿ ಈಗ ಗಿಡಮರಗಳಲ್ಲಿದೆ, ಮಂಡಿಯ ತನಕ ಬಂದೇ ಇಲ್ಲ ಎಂದು ಬಿಡಿಸಿ ಹೇಳಿದೆ. ಆಂಟಿಗೆ ಬೇಜಾರಾಗಲಿಲ್ಲ. ಹಾಗಾದರೆ ಆಯುರ್ವೇದದ್ದೇ ಏನಾದರೂ ಕೊಡು, ಅಂದರು.

ಬೆಕ್ಕಿನ ಸುದ್ದಿ

ಹೇಗೋ ಅಂಕಗಳು ಬಂದವು. ಉಳಿದದ್ದು ಸಂದರ್ಶನ. ಅದು ನಮ್ಮ ಕಾಲದ ಸಂದರ್ಶನದ ಹಾಗಲ್ಲ. ಸಾಲಾಗಿ ಕೋಣೆಗಳಿರುತ್ತವೆ. ಒಂದೊಂದರ ಬಾಗಿಲಿಗೂ ಒಂದೊಂದು ಸನ್ನಿವೇಶ ಬರೆದು ಅಂಟಿಸಿರುತ್ತಾರೆ. ಓದಿಕೊಂಡು ಒಳಗೆ ಹೋಗಬೇಕು, ಒಳಗೆ ಪಾತ್ರ ಹಾಕಿಕೊಂಡು ಕೂತವರ ಜೊತೆ ನಿಜವಾಗಿ ನಡೆದ ಹಾಗೆ ಮಾತಾಡಬೇಕು. ಗಂಟೆ ಹೊಡೆದ ಕೂಡಲೇ ಅರ್ಧ ಮಾತಿಗೇ ಎದ್ದು ಮುಂದಿನ ಕೋಣೆಗೆ ಹೋಗಬೇಕು. ಮೂಲೆಯಲ್ಲಿ ಒಬ್ಬ ಪರೀಕ್ಷಕರು ಕೂತು ಅಂಕ ಹಾಕುತ್ತಿರುತ್ತಾರೆ.

ಮೊದಲ ಕೋಣೆಗಳು ಪರವಾಗಿಲ್ಲ ಅನ್ನುವ ಹಾಗೆ ಮುಗಿದವು. ಕೊನೆಯ ಬಾಗಿಲಿನ ಮೇಲೆ ಹೀಗಿತ್ತು: ನೀವು ಕಾರು ಹಿಂದಕ್ಕೆ ತೆಗೆಯುವಾಗ ಪಕ್ಕದ ಮನೆಯವರ ಬೆಕ್ಕು ಚಕ್ರಕ್ಕೆ ಸಿಕ್ಕಿ ಸತ್ತಿದೆ. ಒಳಗೆ ಹೋಗಿ ಅವರಿಗೆ ತಿಳಿಸಿ.

ಇಂಥದ್ದಕ್ಕೆ ಏನು ಮಾಡಬೇಕೆಂದು ಓದಿದ್ದೆ. ಕೂತುಕೊಳ್ಳಿ ಅನ್ನಬೇಕು, ಒಂದೇ ವಾಕ್ಯದಲ್ಲಿ ಸ್ಪಷ್ಟವಾಗಿ ಹೇಳಬೇಕು, ಆಮೇಲೆ ಸಮಾಧಾನ ಮಾಡಬೇಕು. ಕನ್ನಡಿ ಮುಂದೆ ನಿಂತು ಅಭ್ಯಾಸ ಕೂಡ ಮಾಡಿದ್ದೆ. ಒಳಗೆ ಹೋದರೆ ತಲೆಗೆ ವಸ್ತ್ರ ಸುತ್ತಿಕೊಂಡ ಒಬ್ಬ ಮಲಯ್ ಹೆಂಗಸು, ನಮ್ಮ ದೊಡ್ಡಮ್ಮನ ವಯಸ್ಸಿನವರು, ನನ್ನನ್ನು ನೋಡಿ ನಕ್ಕರು. ಓದಿದ್ದೆಲ್ಲ ಅಲ್ಲಿಗೇ ಹೋಯಿತು. ಊಟ ಆಯಿತಾ ಎಂದು ಕೇಳಿಬಿಟ್ಟೆ.

ನಮ್ಮ ಕಡೆ ಸಾವಿನ ಸುದ್ದಿಯನ್ನು ಯಾರೂ ಒಂದೇ ಸಲಕ್ಕೆ ಹೇಳುವುದಿಲ್ಲ. ಮೊದಲು ಊಟ ವಿಚಾರಿಸುತ್ತೇವೆ, ಸುದ್ದಿ ಕೇಳಿದ ಮೇಲೆ ಊಟ ಸೇರುವುದಿಲ್ಲವಲ್ಲ. ಆಮೇಲೆ ಯಾಕೋ ಸ್ವಲ್ಪ ಹುಷಾರಿಲ್ಲ ಅನ್ನುತ್ತೇವೆ. ಆಮೇಲೆ ಆಸ್ಪತ್ರೆಗೆ ಸೇರಿಸಿದ್ದಾರೆ. ಆಮೇಲೆ ಸ್ವಲ್ಪ ಸೀರಿಯಸ್, ಹೊರಟು ಬನ್ನಿ. ಬಸ್ಸು ಹತ್ತಿ ಕಿಟಕಿ ಪಕ್ಕ ಕೂತವರಿಗೆ ಉಳಿದದ್ದು ತಾನಾಗಿ ಗೊತ್ತಾಗುತ್ತದೆ.

ಆ ಹೆಂಗಸು ಇನ್ನೂ ಊಟ ಆಗಿಲ್ಲ ಅಂದರು. ಊಟ ಮಾಡದವರಿಗೆ ಹೇಗೆ ಹೇಳುವುದು? ಮೊದಲು ಏನಾದರೂ ತಿನ್ನಿ ಎಂದು ಒತ್ತಾಯ ಮಾಡಿದೆ. ಅವರು ಪರೀಕ್ಷಕರ ಮುಖ ನೋಡಿದರು. ನಾನು ಅವರ ಕೈ ಹಿಡಿದುಕೊಂಡು, ನಿಮ್ಮ ಬೆಕ್ಕಿಗೆ ಬೆಳಿಗ್ಗೆಯಿಂದ ಯಾಕೋ ಅಷ್ಟು ಹುಷಾರಿಲ್ಲ, ಅಂದೆ. ಏನಾಯಿತು ಎಂದು ಕೇಳಿದರು. ನನ್ನ ಕಾರಿನ ಹತ್ತಿರ ಇತ್ತು, ನನ್ನದೇ ತಪ್ಪು, ಸ್ವಲ್ಪ ಪೆಟ್ಟಾಯಿತು, ಅಂದೆ. ಸ್ವಲ್ಪ ಅಂದರೆ ಎಷ್ಟು? ಆಸ್ಪತ್ರೆಗೆ ಸೇರಿಸಿದ್ದೇವೆ, ದೊಡ್ಡ ಡಾಕ್ಟರೇ ನೋಡುತ್ತಿದ್ದಾರೆ. ಪ್ರಾಣಕ್ಕೆ ಏನೂ ಇಲ್ಲ ತಾನೇ ಎಂದು ಕೇಳುವಾಗ ಆಕೆಯ ಕಣ್ಣು ನಿಜವಾಗಿಯೂ ತುಂಬಿತ್ತು. ನನ್ನದೂ ತುಂಬಿತು. ನೀವು ಒಂದು ಸಲ ಬಂದು ನೋಡಿದರೆ ಒಳ್ಳೆಯದು ಎಂದು ಬಾಯಿ ತೆರೆದೆ, ಗಂಟೆ ಹೊಡೆಯಿತು.

ಬೆಕ್ಕು ಇನ್ನೂ ಐಸಿಯುನಲ್ಲಿತ್ತು. ಸಾಯಿಸಿ ಬಾ ಎಂದು ಕಳಿಸಿದ್ದ ಬೆಕ್ಕನ್ನು ಸಾಯಿಸದೆಯೇ ಹೊರಗೆ ಬಂದಿದ್ದೆ. ಸೀಟು ಹೋಯಿತು ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ. ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ಅವರು ನಗದೇ ಇದ್ದಾಗ ನನಗೆ ಇನ್ನಷ್ಟು ಭಯವಾಯಿತು.

ಫಲಿತಾಂಶ ಬರುವ ದಿನ ಕಂಪ್ಯೂಟರಿನ ಮುಂದೆ ಕೂರುವ ಧೈರ್ಯವಿಲ್ಲದೆ, ನೀವೇ ನೋಡಿ ಎಂದು ಗಂಡನಿಗೆ ಪಾಸ್‌ವರ್ಡು ಕೊಟ್ಟು, ನಮ್ಮ ಕಡೆಯ ಅಂಗಡಿಗಳೆಲ್ಲ ಇರುವ ಬ್ರಿಕ್‌ಫೀಲ್ಡ್ಸಿಗೆ ಸಾಮಾನು ತರಲು ಹೋದೆ. ತೊಗರಿಬೇಳೆ ಆರಿಸುತ್ತಿರುವಾಗ ಫೋನು ಬಂತು.

"ಊಟ ಆಯ್ತಾ?" ಅಂದರು.

ಅಲ್ಲೇ ಇದ್ದ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟೆ. "ಸುತ್ತಿ ಬಳಸಿ ಬೇಡ ಕಣ್ರೀ. ಬೆಕ್ಕು ಇದೆಯೋ, ಹೋಯ್ತೋ, ಅಷ್ಟು ಹೇಳಿ."

"ಬದುಕಿದೆ. ಇನ್ನು ಐದು ವರ್ಷ ನೀನೇ ನೋಡ್ಕೋಬೇಕಂತೆ."

ಅಂಗಡಿ ತುಂಬ ಜನ ಇದ್ದಾರೆ ಅನ್ನುವುದನ್ನೂ ಮರೆತು ಜೋರಾಗಿ ಅತ್ತೆ. ಗಲ್ಲೆಯಲ್ಲಿ ಕೂತಿದ್ದ ತಮಿಳಕ್ಕ ಓಡಿ ಬಂದು, ಊರಿನಲ್ಲಿ ಯಾರಿಗೆ ಏನಾಯಿತು ಎಂದು ನನ್ನ ಬೆನ್ನು ಸವರಿದಳು. ಬೆಕ್ಕು ಬದುಕಿತಂತೆ, ಅಂದೆ. ಅವಳು ಗೋಡೆಯ ಮೇಲಿನ ಮುರುಗನ ಪಟದ ಕಡೆ ತಿರುಗಿ ಕಣ್ಣು ಮುಚ್ಚಿ ಕೈ ಮುಗಿದಳು.