ನೂರಕ್ಕಿಂತ ದೊಡ್ಡ ಇಪ್ಪತ್ತು

ನನ್ನಲ್ಲೊಂದು ಕೆಟ್ಟ ಗುಣವಿದೆ. ಏನಾದರೂ ಕೆಟ್ಟರೆ ಬೇರೆಯವರಿಗೆ ಸಿಟ್ಟು ಬರುತ್ತದೆ, ನನಗೆ ಕುತೂಹಲ ಬರುತ್ತದೆ. ಮದುವೆಯಾದ ಹೊಸತರಲ್ಲಿ ನನ್ನಾಕೆ ಇದನ್ನು ಮೆಚ್ಚಿಕೊಂಡಿದ್ದಳು. (ಆಗ ಮನೆಯಲ್ಲಿ ಕೆಡುವಂಥ ವಸ್ತುಗಳು ಕಡಿಮೆ ಇದ್ದವು.)

ಮನೆಯ ದೀಪ, ಫ್ಯಾನು, ನೀರಿನ ಮೋಟಾರು ಎಲ್ಲವನ್ನೂ ಒಂದು ಪುಟ್ಟ ಕಂಪ್ಯೂಟರ್ ಡಬ್ಬದ ಆಳ್ವಿಕೆಗೆ ಒಪ್ಪಿಸಿದವನು ನಾನೇ. ಟ್ಯಾಂಕಿನ ನೀರು ನೂರರಲ್ಲಿ ಇಪ್ಪತ್ತು ಪಾಲಿಗಿಂತ ಕಡಿಮೆಯಾದರೆ ಮೋಟಾರು ಓಡಬೇಕು. ಇಂಥ ನಿಯಮಗಳನ್ನೆಲ್ಲ ಒಂದು ಫೈಲಿನಲ್ಲಿ ಬರೆದು, ಮನೆಯವರ ಕೈಚಳಕದಿಂದ ಅದನ್ನು ಕಾಪಾಡಲು ರಾಜಶಾಸನವನ್ನೂ ಹೊರಡಿಸಿದೆ: ಫೈಲು ಯಾರ ಹೆಸರಿನಲ್ಲಿದೆಯೋ ಅವರು ಮಾತ್ರ ತಿದ್ದಬಹುದು, ಉಳಿದವರು ಓದಬಹುದು, ಅಷ್ಟೆ. ನನ್ನ ಲ್ಯಾಪ್‌ಟಾಪ್ ಅಂದು ರಿಪೇರಿಗೆ ಹೋಗಿದ್ದರಿಂದ ಇಷ್ಟನ್ನೂ ನನ್ನಾಕೆಯ ಲ್ಯಾಪ್‌ಟಾಪಿನಲ್ಲಿ ಕೂತು ಮಾಡಿದ್ದೆ.

ಮರುದಿನ ಅವಳು ಅಭ್ಯಾಸಬಲದಿಂದ ಹಳೆಯ ಸ್ವಿಚ್ಚು ಒತ್ತಿ, ಟ್ಯಾಂಕು ತುಂಬಿಸಿ, ಆರಿಸಿ ಬಂದಳು. ನೀರು ನೂರಕ್ಕೆ ನೂರು. ಮರುಗಳಿಗೆಗೆ ಮೋಟಾರು ತಾನಾಗಿಯೇ ಗುಂಯ್ ಎಂದು ಹೊರಟಿತು. ಕೆಳಗಿನ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಅಂಗಳದಲ್ಲಿ ಪೇಪರ್ ಓದುತ್ತಿದ್ದರು. ನಖಶಿಖಾಂತ ನೆನೆದು ಮೇಲೆ ಬಂದವರು ಒಂದು ಮಾತೂ ಆಡದೆ ಒದ್ದೆ ಪೇಪರನ್ನು ನನ್ನ ಕೈಗಿಟ್ಟು ಇಳಿದುಹೋದರು. ಅವರ ಪಾಲಿನ ಮಾತನ್ನೂ ಇವಳೇ ಆಡಿದಳು.

"ರೀ, ಇನ್ನೊಂದು ಸಲ ಟ್ಯಾಂಕು ಉಕ್ಕಿದ್ರೆ ನಿಮ್ಮ ಡಬ್ಬ ಅಟ್ಟಕ್ಕೆ ಹೋಗುತ್ತೆ."

ಮೂರು ತಿಂಗಳ ರಜಾದಿನಗಳನ್ನೆಲ್ಲ ನುಂಗಿ ಬೆಳೆದ ಡಬ್ಬ ಅದು! ಕೂಡಲೇ ಸಂಶೋಧನೆಗೆ ಇಳಿದೆ. ಮೋಟಾರಿನ ವೈರು ಕಳಚಿ, ಆ ಜಾಗದಲ್ಲಿ ಬಲ್ಬು ಸಿಕ್ಕಿಸಿ, ಟ್ಯಾಂಕು ಬರಿದು ಮಾಡುವುದು, ಬಕೆಟ್ಟಿನಲ್ಲಿ ನೀರು ಹೊತ್ತು ತುಂಬಿಸುವುದು. (ಕೈಗೆ ಕೆಲಸ ತಪ್ಪಲೆಂದೇ ಇದನ್ನೆಲ್ಲ ತಂದದ್ದು.) ನೀರು ಹತ್ತೊಂಬತ್ತು ಪಾಲಿದ್ದಾಗ ಬಲ್ಬು ಹತ್ತಿತು. ಅರವತ್ತಕ್ಕೆ ಆರಿತು. ಸರಿ. ಆದರೆ ಒಂಬತ್ತಕ್ಕೆ ಹತ್ತಲಿಲ್ಲ. ನೂರಕ್ಕೆ ಝಗ್ಗೆಂದು ಹತ್ತಿತು! ಸೊಂಟ ಬಿದ್ದುಹೋಗಿದ್ದರೂ ನನಗೆ ಖುಷಿಯೋ ಖುಷಿ. ಇಂಥ ಸೊಗಸಾದ ತಪ್ಪನ್ನು ನಾನು ಕಂಡೇ ಇರಲಿಲ್ಲ.

ಮೂರನೆಯ ಸಂಜೆ ನನ್ನಾಕೆ ಲೈಬ್ರರಿಯ ಕೆಲಸ ಮುಗಿಸಿ ಬಂದವಳು ಚಪ್ಪಲಿ ಬಿಡುತ್ತಲೇ ನಾನು ಇದನ್ನೆಲ್ಲ ಬರೆದಿಟ್ಟ ಕಾಗದದ ಮೇಲೆ ಕಣ್ಣಾಡಿಸಿದಳು.

"ನಿಮ್ಮ ಡಬ್ಬ ಅಂಕಿಗಳನ್ನ ಅಕ್ಷರ ಅಂದ್ಕೊಂಡಿದೆ. ನಮ್ಮ ಪುಸ್ತಕದ ಪಟ್ಟೀನೂ ಮೊದಲು ಹೀಗೇ ಇತ್ತು. ಒಂದರಿಂದ ಶುರುವಾಗೋ ನೂರು ಮುಂದೆ, ಎರಡರಿಂದ ಶುರುವಾಗೋ ಇಪ್ಪತ್ತು ಆಮೇಲೆ, ಒಂಬತ್ತು ಎಲ್ಲಕ್ಕಿಂತ ಹಿಂದೆ. ಅದಕ್ಕೇ ಇದರ ಲೆಕ್ಕದಲ್ಲಿ ನೂರು ಇಪ್ಪತ್ತಕ್ಕಿಂತ ಕಡಿಮೆ, ಒಂಬತ್ತು ಜಾಸ್ತಿ."

ನಾನು ಕುಣಿದಾಡಿ ಫೈಲು ತೆರೆದೆ. ನೀರಿನ ಅಳತೆಯನ್ನು ಸಂಖ್ಯೆಯೆಂದು ತಿಳಿ ಎಂದು ಒಂದು ಪದ ಸೇರಿಸಿದರೆ ಆಯಿತು. ಸೇರಿಸಿದೆ. ತಿದ್ದಲು ನಿನಗೆ ಅನುಮತಿಯಿಲ್ಲ ಎಂದಿತು ಡಬ್ಬ. ಗದರಿಸಿ ನೋಡಿದೆ, ಆರಿಸಿ ಹತ್ತಿಸಿ ನೋಡಿದೆ. ಅವಳ ಲ್ಯಾಪ್‌ಟಾಪಿನಲ್ಲಿ ಹುಟ್ಟಿದ ಫೈಲು ಅವಳ ಹೆಸರಿನಲ್ಲಿತ್ತು. ಶಾಸನ ಮಾತ್ರ ನನ್ನದು.

ಅವಳು ತನ್ನ ಲ್ಯಾಪ್‌ಟಾಪ್ ತೆರೆದು ಆ ಪದ ಸೇರಿಸಿದಳು. ಟ್ಯಾಂಕು ತುಂಬಿತು, ಬಲ್ಬು ತೆಪ್ಪಗಿತ್ತು. ಡಬ್ಬ ಅಟ್ಟದಿಂದ ಪಾರಾಯಿತು. ಇನ್ನು ತಿದ್ದುವ ಅಧಿಕಾರ ನನಗೆ ಕೊಟ್ಟುಬಿಡು ಎಂದು ಮೆಲ್ಲಗೆ ಕೇಳಿದೆ.

"ಲೈಬ್ರರಿ ನಿಯಮ ಗೊತ್ತಲ್ಲ," ಎಂದಳು. "ಎಷ್ಟು ಬೇಕಾದ್ರೂ ಓದಿ. ಗೀಚಬೇಡಿ."

ಈಗ ಆ ಫೈಲಿನಲ್ಲಿ ಒಂದು ಹೊಸ ಸಾಲಿದೆ: ಬೆಳಿಗ್ಗೆ ಐದೂವರೆಗೆ ಮಲಗುವ ಕೋಣೆಯ ಫ್ಯಾನು ಆರಬೇಕು, ದೀಪ ಹತ್ತಬೇಕು. ಐದಕ್ಕೇ ಏಳುವ ಅವಳಿಗೆ ಅದರಿಂದ ತೊಂದರೆಯಿಲ್ಲ. ನಾನು ದಿನವೂ ಐದೂವರೆಗೆ ಎದ್ದು, ಕಣ್ಣುಜ್ಜಿಕೊಂಡು, ಆ ಸಾಲನ್ನು ಓದುತ್ತೇನೆ. ಒಂದು ತಪ್ಪೂ ಇಲ್ಲದೆ ಬರೆದಿದ್ದಾಳೆ.